ಪೀಟರ್ ಪ್ಯಾನ್ ಕೆಟ್ಟವನಾದದ್ದು ಯಾವಾಗ?

ಪ್ರಶ್ನೆ: ಮೇಡಂ, ನನ್ನ ಮಗಳಿಗೆ 13 ವರ್ಷ, ಎಂಟನೇ ಕ್ಲಾಸು. ಚಿಕ್ಕವಳಿದ್ದಾಗ ಎಂದೂ ದೊಡ್ಡವನಾಗದ, ಹಾರಾಡುವ ಹುಡುಗ ಪೀಟರ್ ಪ್ಯಾನ್‌ನ ಕಾರ್ಟೂನನ್ನು ನಾವಿಬ್ಬರೂ ಎಷ್ಟು ಸಲ ನೋಡಿದ್ದೇವೋ ಲೆಕ್ಕವಿಲ್ಲ. ಈಗ ಗೆಳತಿಯ ಹತ್ತಿರದಿಂದ ಒಂದು ಇಂಗ್ಲಿಷ್ ಕಾದಂಬರಿ ತಂದಿದ್ದಾಳೆ. ಕಥೆ ಅದೇ, ಆದರೆ ಇದರಲ್ಲಿ ಪೀಟರ್ ಮಕ್ಕಳನ್ನು ಪುಸಲಾಯಿಸಿ ದ್ವೀಪಕ್ಕೆ ಕರೆದೊಯ್ದು, ಅವರು ದೊಡ್ಡವರಾಗುತ್ತಿದ್ದಾರೆ ಅನ್ನಿಸಿದ ಕೂಡಲೇ ಕೊಲ್ಲುವವನು. ಒಂದು ವಾರದಿಂದ ಇವಳು ರಾತ್ರಿ ಲೈಟ್ ಹಾಕಿಕೊಂಡೇ ಮಲಗುತ್ತಾಳೆ, ಕಿಟಕಿಯ ಚಿಲಕವನ್ನು ಎರಡೆರಡು ಸಲ ನೋಡಿ ಬರುತ್ತಾಳೆ. ಪುಸ್ತಕ ಮಾತ್ರ ಬಿಡುತ್ತಿಲ್ಲ. ನಮ್ಮವರು ಕಿತ್ತಿಟ್ಟುಬಿಡು ಅನ್ನುತ್ತಾರೆ. ನಮ್ಮತ್ತೆ, ಮಕ್ಕಳ ಕಥೆಗೆ ರಕ್ತ ಬಳಿದವರು ಯಾರಪ್ಪ ಅಂತ ಬೈಯುತ್ತಿದ್ದಾರೆ. ಮಗಳನ್ನು ಕೇಳಿದರೆ, "ಅಮ್ಮಾ, ಅವನು ಮೊದ್ಲಿಂದಾನೂ ಹಂಗೇ ಇದ್ದ, ಕಾರ್ಟೂನಿನವ್ರು ನಿಂಗೆ ಹೇಳಿಲ್ಲ ಅಷ್ಟೆ" ಅನ್ನುತ್ತಾಳೆ. ನಿಜವೇ? ಇದು ಸಾಲದು ಅಂತ ಕೈ ಇದ್ದಲ್ಲಿ ಕೊಕ್ಕೆ ಇರುವ ಕಡಲುಗಳ್ಳ ಹುಕ್‌ನ ಕಡೆಯಿಂದ ತಾನೇ ಒಂದು ಕಥೆ ಬರೆಯುತ್ತಿದ್ದಾಳೆ, ಆನ್‌ಲೈನ್ ಹಾಕುತ್ತಾಳಂತೆ. ಕೇಸು ಗೀಸು ಆಗುತ್ತದೆಯೇ? ಕೊನೆಗೆ ಅವಳದ್ದೂ ಒಂದು ಪ್ರಶ್ನೆ ಇದೆ, ನಿಮ್ಮನ್ನು ಕೇಳಲೇಬೇಕಂತೆ: ಕೈ ಹೋಗುವ ಮೊದಲು ಹುಕ್‌ನ ಹೆಸರು ಏನಿತ್ತು?
– ದಾವಣಗೆರೆಯ ಒಬ್ಬ ತಾಯಿ

ಉತ್ತರ: ನಿಮ್ಮ ಮಗಳು ಹೇಳಿದ್ದು ಮುಕ್ಕಾಲು ಪಾಲು ನಿಜ. ಉಳಿದ ಕಾಲು ಪಾಲಿಗೆ ಆಮೇಲೆ ಬರುತ್ತೇನೆ.

ನಾನು ಇಪ್ಪತ್ತು ವರ್ಷಗಳಿಂದ ಮಕ್ಕಳ ಪುಸ್ತಕ ತಿದ್ದುವವಳು, ಮಕ್ಕಳಿಗೆ ಓದಿ ಹೇಳುವವಳು. ಮನೋವೈದ್ಯೆ ಅಲ್ಲ. ಹಾಗಾಗಿ ನಿದ್ದೆಯ ವಿಷಯದಲ್ಲಿ ನನಗೆ ಗೊತ್ತಿರುವಷ್ಟನ್ನೇ ಹೇಳುತ್ತೇನೆ. ಪುಸ್ತಕದ ವಿಷಯದಲ್ಲಿ ಮಾತ್ರ ಧೈರ್ಯವಾಗಿ ಮಾತಾಡಬಲ್ಲೆ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಿಮಗೆ ಮಗಳ ನಿದ್ದೆಯ ಚಿಂತೆ ಇದೆ, ಅದು ಸರಿ. ಅದರ ಅಡಿಯಲ್ಲಿ ಇನ್ನೊಂದು ಇದೆ ಅಂತ ನನಗನ್ನಿಸಿತು: ನೀವಿಬ್ಬರೂ ಸೋಫಾದ ಮೇಲೆ ಕೂತು ನೋಡಿದ ಆ ಹುಡುಗನನ್ನು ಯಾರೋ ಹಾಳುಮಾಡಿದರಲ್ಲ ಅನ್ನುವ ಸಂಕಟ.

ಹಾಳುಮಾಡಿದವರು ಈಗಿನವರಲ್ಲ. ಸ್ಕಾಟ್ಲೆಂಡಿನ ಜೆ. ಎಂ. ಬ್ಯಾರಿ ಈ ಕಥೆಯನ್ನು ಮೊದಲು ನಾಟಕವಾಗಿ ಬರೆದರು. 1904ರ ಡಿಸೆಂಬರ್ 27ರಂದು ಲಂಡನ್ನಿನಲ್ಲಿ ಅದರ ಮೊದಲ ಪ್ರಯೋಗವಾಯಿತು. 1911ರಲ್ಲಿ ಅದನ್ನೇ 'ಪೀಟರ್ ಅಂಡ್ ವೆಂಡಿ' ಅನ್ನುವ ಕಾದಂಬರಿಯಾಗಿ ಹಿಗ್ಗಿಸಿದರು. ನಾವೆಲ್ಲ ನೋಡಿದ ಕಾರ್ಟೂನು 1953ರದ್ದು. ಕಾದಂಬರಿಗೂ ಕಾರ್ಟೂನಿಗೂ ನಡುವೆ ನಲವತ್ತೆರಡು ವರ್ಷ. ಆ ದಾರಿಯಲ್ಲಿ ಉದುರಿಹೋದದ್ದನ್ನೇ ನಿಮ್ಮ ಮಗಳು ಓದುತ್ತಿರುವ ಕಾದಂಬರಿಕಾರರು ಹೆಕ್ಕಿಕೊಂಡಿರುವುದು.

ಏನು ಉದುರಿತು ಅಂದರೆ, 1911ರ ಪುಸ್ತಕದಲ್ಲಿ ಒಂದು ವಾಕ್ಯವಿದೆ. ದ್ವೀಪದಲ್ಲಿರುವ ಹುಡುಗರ ಸಂಖ್ಯೆ ಒಂದೇ ಸಮ ಇರುವುದಿಲ್ಲ, ಕೆಲವರು ಸಾಯುತ್ತಾರೆ ಇತ್ಯಾದಿ. ಇನ್ನು ಅವರು ಬೆಳೆಯುತ್ತಿರುವ ಹಾಗೆ ಕಂಡರೆ, ಅದು ನಿಯಮಕ್ಕೆ ವಿರುದ್ಧವಾದ್ದರಿಂದ, ಪೀಟರ್ ಅವರನ್ನು ತೆಳುವು ಮಾಡುತ್ತಾನೆ. ಪೈರು ಒತ್ತಾಗಿ ಬಂದಾಗ ನಡುನಡುವೆ ಸಸಿ ಕಿತ್ತು ಒಗೆಯುತ್ತಾರಲ್ಲ, ಆ ಅರ್ಥ ಬರುವ ಮಾತು. ಇಷ್ಟು ಹೇಳಿ ಬ್ಯಾರಿ ಏನೂ ಆಗದವರಂತೆ ಮುಂದಿನ ವಾಕ್ಯಕ್ಕೆ ಹೋಗುತ್ತಾರೆ. ನಾನು ಇದನ್ನು ಮೊದಲ ಸಲ ಓದಿದಾಗ ಎರಡು ಪುಟ ಮುಂದೆ ಹೋಗಿ, ನಿಂತು, ಮತ್ತೆ ಹಿಂದಕ್ಕೆ ಬಂದಿದ್ದೆ.

ಇದೊಂದೇ ಅಲ್ಲ. ಆ ಹುಡುಗರು ನೆಲದಡಿಯ ಮನೆಗೆ ಇಳಿಯುವುದು ಟೊಳ್ಳು ಮರಗಳ ಒಳಗಿಂದ, ಒಬ್ಬೊಬ್ಬನಿಗೆ ಅವನವನ ಅಳತೆಯ ಮರ. ಹುಡುಗನ ಮೈ ಮರಕ್ಕೆ ಹೊಂದದಿದ್ದರೆ? ಪೀಟರ್ ನಿಮಗೇನೋ ಮಾಡುತ್ತಾನೆ, ಆಮೇಲೆ ನೀವು ಹೊಂದುತ್ತೀರಿ, ಅನ್ನುತ್ತದೆ ಪುಸ್ತಕ. ಏನು ಮಾಡುತ್ತಾನೆ ಅಂತ ಹೇಳುವುದಿಲ್ಲ. ಊಟವೂ ಹಾಗೆ. ಎಷ್ಟೋ ದಿನ ಅದು ಸುಮ್ಮನೆ ಉಂಡಂತೆ ಆಡುವ ಊಟ. ಆಟ ಮುರಿದವರಿಗೆ ಗೆಣ್ಣಿನ ಮೇಲೆ ಏಟು. ಪೀಟರ್ ಜತೆ ವೆಂಡಿ ಅನ್ನುವ ಹುಡುಗಿ ತಮ್ಮಂದಿರೊಂದಿಗೆ ದ್ವೀಪಕ್ಕೆ ಹಾರುವಾಗ ಪುಟ್ಟ ತಮ್ಮ ಮೈಕೆಲ್ ತೂಕಡಿಸಿ ಕಲ್ಲಿನ ಹಾಗೆ ಸಮುದ್ರದ ಕಡೆ ಬೀಳುತ್ತಾನೆ. ಪೀಟರ್ ಕೊನೆಯ ಗಳಿಗೆಯವರೆಗೆ ಕಾದು ಹಿಡಿಯುತ್ತಾನೆ, ಏಕೆಂದರೆ ಅವನಿಗೆ ಬೇಕಾದದ್ದು ತನ್ನ ಚಾಲಾಕಿತನ, ಜೀವ ಉಳಿಸುವುದಲ್ಲ. ಇದೂ ಬ್ಯಾರಿಯವರೇ ಹೇಳುವ ಮಾತು. ಕಥೆಯ ಕೊನೆಗೆ ವೆಂಡಿ ಅವನ ಜತೆಗಾತಿ ಕಿನ್ನರಿ ಟಿಂಕರ್ ಬೆಲ್ ವಿಷಯ ಎತ್ತಿದರೆ, ಯಾರದು ಅಂತ ಕೇಳುತ್ತಾನೆ. ಮರೆತೇಬಿಟ್ಟಿದ್ದಾನೆ.

ನನ್ನನ್ನು ಇವತ್ತಿಗೂ ಕಾಡುವುದು ಇನ್ನೊಂದು ಚಿತ್ರ. ಹುಕ್ ಮೊಸಳೆಯ ಬಾಯಿಗೆ ಹೋದ ಮೇಲೆ ಪೀಟರ್ ಹುಕ್‌ನ ಬಟ್ಟೆಯಿಂದಲೇ ತನಗೊಂದು ಉಡುಪು ಹೊಲಿಸಿಕೊಳ್ಳುತ್ತಾನೆ. ಹಡಗಿನ ಕೋಣೆಯಲ್ಲಿ ಹುಕ್‌ನ ಸಿಗಾರ್ ಕೊಳವೆಯನ್ನು ಬಾಯಲ್ಲಿಟ್ಟು, ಒಂದು ಕೈ ಮುಷ್ಟಿ ಕಟ್ಟಿ, ತೋರುಬೆರಳೊಂದನ್ನೇ ಕೊಕ್ಕೆಯ ಹಾಗೆ ಬಗ್ಗಿಸಿ ಎತ್ತಿ ಹಿಡಿದು, ಬಹಳ ಹೊತ್ತು ಕೂತಿರುತ್ತಾನೆ. ಈಗ ಹೇಳಿ, ಇದನ್ನು ಓದಿದ ಯಾವ ಲೇಖಕನಿಗೆ ಕೈ ತುರಿಸುವುದಿಲ್ಲ?

ಇನ್ನು ಆ ಕಾಲು ಪಾಲು. ಈ ಬಗೆಯ ಕಾದಂಬರಿಗಳನ್ನು ಓದಿದ ಹುಡುಗರು, ರೀಲ್ಸ್ ನೋಡಿದವರು, ನನ್ನ ಹತ್ತಿರ ಖಡಾಖಂಡಿತವಾಗಿ ಹೇಳುವುದು ಎರಡು. ಮೂಲದಲ್ಲಿ ಪೀಟರ್ ಕೊಲೆಗಾರ ಅನ್ನುವುದು ಒಂದು. ಹುಕ್ ಅಂದರೆ ಅವನಿಂದ ತಪ್ಪಿಸಿಕೊಂಡು ಬೆಳೆದ ಹಳೆಯ ಹುಡುಗ ಅನ್ನುವುದು ಇನ್ನೊಂದು. ಎರಡನೆಯದಕ್ಕೆ ಮೂಲದಲ್ಲಿ ಆಧಾರವೇ ಇಲ್ಲ. ಬ್ಯಾರಿಯ ಹುಕ್ ದೊಡ್ಡ ಮನೆತನದವರ ಶಾಲೆಯಲ್ಲಿ ಓದಿದವನು. ಸಾಯುವ ಗಳಿಗೆಯಲ್ಲೂ ನಡತೆಯ ಘನತೆಯ ಬಗ್ಗೆಯೇ ತಲೆ ಕೆಡಿಸಿಕೊಳ್ಳುವವನು. 1927ರಲ್ಲಿ ಬ್ಯಾರಿ ಇಂಗ್ಲೆಂಡಿನ ಅಂಥದೇ ಹೆಸರಾಂತ ಈಟನ್ ಶಾಲೆಗೇ ಹೋಗಿ ಹುಕ್ ಅಲ್ಲಿನ ವಿದ್ಯಾರ್ಥಿಯಾಗಿದ್ದ ಅಂತ ತಮಾಷೆಯ ಭಾಷಣ ಮಾಡಿದ್ದರು. ಮೊದಲನೆಯದಕ್ಕೆ ಆಧಾರ ಆ ಒಂದು ವಾಕ್ಯ. 'ತೆಳುವು ಮಾಡುವುದು' ಅಂದರೆ ಕೊಲ್ಲುವುದೋ, ಅಟ್ಟುವುದೋ, ಬ್ಯಾರಿ ಬಾಯಿಬಿಟ್ಟಿಲ್ಲ. ಅವರು ಖಾಲಿ ಬಿಟ್ಟ ಜಾಗದಲ್ಲಿ ಹೊಸ ಲೇಖಕರು ಶವ ಇಟ್ಟರು. ಹಕ್ಕಿದೆ, ಇಡಲಿ. ಆದರೆ ಅದು ಅವರ ಶವ, ಬ್ಯಾರಿಯದಲ್ಲ. ಮಗಳಿಗೆ ಈ ವ್ಯತ್ಯಾಸ ಹೇಳಿ, ಅವಳಿಗೆ ಇಷ್ಟವಾಗುತ್ತದೆ.

ನಿಮ್ಮ ಅತ್ತೆಯವರ ಮಾತಿಗೆ ನನ್ನದೇ ಒಂದು ಪೆದ್ದತನ ಹೇಳುತ್ತೇನೆ. ಬಹಳ ವರ್ಷದ ಹಿಂದೆ ಪುಣ್ಯಕೋಟಿಯ ಕಥೆಯನ್ನು ಪುಟ್ಟ ಮಕ್ಕಳ ಚಿತ್ರಪುಸ್ತಕವಾಗಿ ತಿದ್ದುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಹುಲಿ ಪ್ರಾಣ ಬಿಡುವುದು ಬೇಡ, ಎಳೆಯ ಮಕ್ಕಳು ಹೆದರುತ್ತವೆ ಅಂತ, ಅದು ತಲೆ ತಗ್ಗಿಸಿ ಕಾಡಿಗೆ ಹೋಗುವ ಹಾಗೆ ಬದಲಾಯಿಸಿದೆ. ಒಂದು ಶಾಲೆಯಲ್ಲಿ ಅದನ್ನು ಓದಿ ಹೇಳಿದಾಗ ಮೂರನೇ ಕ್ಲಾಸಿನ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: "ಮಿಸ್, ಹುಲಿ ಸಾಯ್ಲಿಲ್ವಾ? ಹಂಗಾದ್ರೆ ಅದಕ್ಕೆ ಬೇಜಾರೇ ಆಗ್ಲಿಲ್ಲ ಅನ್ನಿ." ಆ ಸಾವು ಕಥೆಯ ಮೇಲೆ ಬಳಿದ ರಕ್ತವಾಗಿರಲಿಲ್ಲ, ಹುಲಿಗೆ ಮನಸ್ಸಿದೆ ಅನ್ನುವುದಕ್ಕೆ ಇದ್ದ ಒಂದೇ ಸಾಕ್ಷಿಯಾಗಿತ್ತು. ನಾನು ಅದನ್ನೇ ಕಿತ್ತುಹಾಕಿದ್ದೆ. ನಿಮ್ಮ ಅತ್ತೆಯವರೂ ಗೋವಿನ ಹಾಡು ಹಾಡಿಯೇ ಮೊಮ್ಮಗಳನ್ನು ಮಲಗಿಸಿರುತ್ತಾರೆ. ಕೆರೆಗೆ ಹಾರವನ್ನಂತೂ ಕೇಳಿಯೇ ಇರುತ್ತಾರೆ. ತುಂಬು ಮನೆಯ ಕಿರಿಸೊಸೆಯನ್ನು ಕೆರೆಗೆ ಬಲಿ ಕೊಡುವ ಹಾಡು ಅದು. ಇದರಲ್ಲಿ ಬಳಿದವರು ಯಾರು?

ಹಾಗಾದರೆ ಮಕ್ಕಳ ಹಳೆಯ ಕಥೆಗಳಲ್ಲಿ ಇಷ್ಟೊಂದು ಇರುವಾಗ, ಹದಿಹರೆಯದವರಿಗೆ ಪೀಟರ್ ಪ್ಯಾನನ್ನೇ ಮತ್ತೆ ಮತ್ತೆ ಬರೆಯುವುದೇಕೆ? ಇಷ್ಟು ವರ್ಷ ಯೋಚಿಸಿದ ಮೇಲೆ ನನಗೆ ಹೊಳೆದದ್ದು ಇಷ್ಟು. ಐದು ವರ್ಷದ ಮಗು ಈ ಕಥೆ ಕೇಳುವಾಗ ಪೀಟರ್‌ನ ಕಡೆ ಇರುತ್ತದೆ. ಅಮ್ಮ ಅಪ್ಪ ಈ ಕಥೆ ನೋಡುವಾಗ ಕಿಟಕಿಯ ಒಳಗೆ ಕಾದು ಕೂತ ವೆಂಡಿಯ ತಾಯಿಯ ಕಡೆ ಇರುತ್ತಾರೆ. ಹದಿಮೂರರ ಹುಡುಗಿ? ಅವಳ ಲಂಗ ಆರು ತಿಂಗಳಿಗೊಮ್ಮೆ ಗಿಡ್ಡವಾಗುತ್ತಿದೆ, ಮೈ ಬದಲಾಗುತ್ತಿದೆ. ಪೀಟರ್‌ನ ದ್ವೀಪದ ನಿಯಮದ ಪ್ರಕಾರ ಕಿತ್ತೊಗೆಯಬೇಕಾದ ಸಸಿಯೇ ಅವಳು. ಮರ ಅವಳ ಅಳತೆಗೆ ಹೊಂದುತ್ತಿಲ್ಲ. ಮೂಲ ಕಥೆಯಲ್ಲಿ ಅವಳಂಥವರಿಗೆ ಅರ್ಧ ವಾಕ್ಯ ಸಿಕ್ಕಿದೆ. ಈ ಹೊಸ ಕಾದಂಬರಿ ಅವಳಿಗೆ ಮುನ್ನೂರು ಪುಟ ಕೊಟ್ಟಿದೆ. ಬಿಡದೆ ಓದುತ್ತಿರುವುದಕ್ಕೆ ಕಾರಣ ರಕ್ತದ ಚಪಲ ಅಂತ ನನಗನ್ನಿಸುವುದಿಲ್ಲ.

ಬ್ಯಾರಿಯ ಮನೆಯಲ್ಲೂ ಒಬ್ಬ ಹದಿಮೂರರ ಹುಡುಗ ಇದ್ದ. ಅಣ್ಣ ಡೇವಿಡ್. 1867ರಲ್ಲಿ, ಇನ್ನೇನು ಹದಿನಾಲ್ಕು ತುಂಬಬೇಕು ಅನ್ನುವಾಗ, ಮಂಜುಗಡ್ಡೆಯ ಮೇಲೆ ಸ್ಕೇಟಿಂಗ್ ವೇಳೆ ಬಿದ್ದು ತೀರಿಕೊಂಡ. ತಾಯಿ ಹಾಸಿಗೆ ಹಿಡಿದರು. ಆರು ವರ್ಷದ ಬ್ಯಾರಿ ಕತ್ತಲ ಕೋಣೆಗೆ ಹೋಗಿ ನಿಂತಾಗ, ನೀನೇನಾ ಅಂತ ಹಾಸಿಗೆಯಿಂದ ದನಿ ಬಂತು. ಸತ್ತ ಮಗನನ್ನು ಕರೆಯುತ್ತಿದ್ದಾರೆ ಅಂತ ಹುಡುಗನಿಗೆ ಗೊತ್ತಾಯಿತು. ಅಲ್ಲ, ಅವನಲ್ಲ, ನಾನು ಅಷ್ಟೆ, ಅಂದ. ತಾಯಿಯ ಬಗ್ಗೆ 1896ರಲ್ಲಿ ಬರೆದ ಪುಸ್ತಕದಲ್ಲಿ ಬ್ಯಾರಿಯೇ ಇದನ್ನು ಹೇಳಿಕೊಂಡಿದ್ದಾರೆ. ತಾನು ದೊಡ್ಡವನಾದರೂ ತಾಯಿಯ ಮನಸ್ಸಿನಲ್ಲಿ ಡೇವಿಡ್‌ಗೆ ವಯಸ್ಸಾಗಲೇ ಇಲ್ಲ. ಎಂದೂ ಬೆಳೆಯದ ಹುಡುಗನ ಕಥೆ ಬರೆದವರು ಇಂಥ ಮನೆಯಿಂದ ಬಂದವರು. ಅದರೊಳಗೆ ಕತ್ತಲು ಇಲ್ಲದಿದ್ದರೆ ಆಶ್ಚರ್ಯ.

ಈಗ ನಿಮ್ಮ ಕೈಯಲ್ಲಿರುವ ಕೆಲಸ. ಎಲ್ಲಕ್ಕಿಂತ ಮೊದಲು ಪುಸ್ತಕ ಯಾವ ಜಾತಿಯದು ಅಂತ ನೋಡಿ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. 'ಯಂಗ್ ಅಡಲ್ಟ್' ಅಂತ ಮಾರುವ ಪುಸ್ತಕಗಳು ಸುಮಾರು 12ರಿಂದ 18ರವರೆಗಿನ ಓದುಗರಿಗೆ. ಹನ್ನೆರಡಕ್ಕೂ ಹದಿನೆಂಟಕ್ಕೂ ಎಷ್ಟು ಅಂತರ ಅಂತ ನಿಮಗೆ ನಾನು ಹೇಳಬೇಕಿಲ್ಲ. ಆದರೂ ಆ ಗುಂಪಿನ ಪುಸ್ತಕಕ್ಕೆ ಒಂದು ಬೇಲಿ ಇರುತ್ತದೆ. ಅಪಾಯ ಇರುವುದು ಬೇಲಿಯ ಆಚೆ. 'ಡಾರ್ಕ್ ರೊಮ್ಯಾನ್ಸ್' ಅಂತ ಒಂದು ಬಗೆ ಇದೆ, ಪೂರ್ತಿ ವಯಸ್ಕರಿಗೆ ಬರೆದದ್ದು. ಅದರಲ್ಲೂ ಪೀಟರ್, ಹುಕ್, ವೆಂಡಿ ಎಲ್ಲರೂ ಇದ್ದಾರೆ. ಹೂಬಳ್ಳಿ, ಚುಕ್ಕಿ, ಹಡಗು ಬರೆದ ಚೆಂದದ ರಕ್ಷಾಪುಟ. ಅಂಗಡಿಯಲ್ಲಿ ಎರಡನ್ನೂ ಪಕ್ಕಪಕ್ಕದಲ್ಲಿ ಜೋಡಿಸಿಟ್ಟದ್ದನ್ನು ಕಣ್ಣಾರೆ ಕಂಡಿದ್ದೇನೆ. ಅಲ್ಲಿ ನನ್ನನ್ನು ಕಳವಳಕ್ಕೀಡು ಮಾಡುವುದು ಕತ್ತಿಯಲ್ಲ. ಬಲವಂತವನ್ನು ಪ್ರೀತಿ ಅಂತ ಹೇಳುವ ರೀತಿ. ಮೊದಲ ಒಂದೆರಡು ಪುಟದಲ್ಲಿ ಲೇಖಕರ ಎಚ್ಚರಿಕೆಯ ಮಾತು ಇದೆಯೇ, 18 ದಾಟಿದವರಿಗೆ ಅಂತ ಬರೆದಿದೆಯೇ ನೋಡಿ. ಬರೆದಿದ್ದರೆ ಪುಸ್ತಕ ವಾಪಸು ಕೊಡಿಸಿ. ಏಕೆ ಅಂತ ಮಗಳಿಗೆ ಮುಚ್ಚುಮರೆಯಿಲ್ಲದೆ ಹೇಳಿ. ಆ ಗೆಳತಿಯ ತಾಯಿಗೂ ಒಂದು ಫೋನ್ ಮಾಡಿ.

ಅಂಥದ್ದಲ್ಲ ಅಂತಾದರೆ, ಕಿತ್ತಿಡುವುದರ ಪರವಾಗಿ ನಾನಿಲ್ಲ. ಕಾರಣ ತತ್ವವಲ್ಲ, ಅನುಭವ. ಅರ್ಧದಲ್ಲಿ ಕಿತ್ತ ಪುಸ್ತಕವನ್ನು ಮಗು ಮಿಕ್ಕರ್ಧ ತಲೆಯಲ್ಲೇ ಓದುತ್ತದೆ, ಅಲ್ಲಿ ಬರೆಯುವವರು ಇನ್ನೂ ಕ್ರೂರಿಗಳು. ಇಲ್ಲವೇ ಫೋನಿನಲ್ಲಿ ಪಿಡಿಎಫ್ ಹುಡುಕುತ್ತದೆ, ಆಗ ಅದು ಏನು ಓದುತ್ತಿದೆ ಅನ್ನುವುದೇ ನಿಮಗೆ ಗೊತ್ತಾಗುವುದಿಲ್ಲ. ಹಾಗಂತ ಏನೂ ಆಗಿಲ್ಲ ಅಂತ ಸುಮ್ಮನಿರುವುದೂ ಬೇಡ, ಅವಳು ಹೆದರಿರುವುದಂತೂ ನಿಜ. ನಾನಾಗಿದ್ದರೆ ಪುಸ್ತಕವನ್ನು ರಾತ್ರಿಯಿಂದ ಹಗಲಿಗೆ ಸ್ಥಳಾಂತರ ಮಾಡುತ್ತಿದ್ದೆ. ಶಾಲೆ ಬಿಟ್ಟು ಬಂದ ಮೇಲೆ ಹಾಲ್‌ನಲ್ಲಿ ಕೂತು ಓದಲಿ, ಊಟದ ನಂತರ ಅದು ಅಮ್ಮನ ಬೀರುವಿನಲ್ಲಿ ಮಲಗಲಿ. ಲೈಟ್ ಹಾಕಿಕೊಂಡು ಮಲಗುತ್ತೇನೆ ಅಂದರೆ ಮಲಗಲಿ, ಕರೆಂಟ್ ಬಿಲ್ಲಿನಲ್ಲಿ ಹತ್ತು ರೂಪಾಯಿ ಹೆಚ್ಚಾದೀತು. ಬೇಡ ಅನ್ನಿಸಿದರೆ ಅರ್ಧಕ್ಕೇ ಮುಚ್ಚಿಡಬಹುದು, ಅದರಲ್ಲಿ ಸೋಲೇನೂ ಇಲ್ಲ ಅಂತಲೂ ಹೇಳಿ. ಈ ವಯಸ್ಸಿನ ಎಷ್ಟೋ ಮಕ್ಕಳು ಗೆಳತಿಯ ಮುಂದೆ ಮರ್ಯಾದೆ ಹೋಗುತ್ತದೆ ಅಂತಲೇ ಪೂರ್ತಿ ಓದುತ್ತಾರೆ.

ಇನ್ನೊಂದು ದಾರಿ ನನಗೆ ಹೆಚ್ಚು ಇಷ್ಟ, ಆದರೆ ಅದಕ್ಕೆ ನಿಮ್ಮ ಸಮಯ ಬೇಕು. 1911ರ ಮೂಲವನ್ನು ಇಬ್ಬರೂ ಜತೆಗೆ ಓದಿ. ಯಾವ ಕತ್ತಲು ಹಳೆಯದು, ಯಾವುದು ಹೊಸದು ಅಂತ ಅವಳೇ ಗೆರೆ ಹಾಕಲಿ. ಹೆದರಿಕೆಯನ್ನು ಹೋಲಿಕೆಯ ಕೆಲಸಕ್ಕೆ ಹಚ್ಚಿದರೆ ಅದರ ಹಲ್ಲು ಸ್ವಲ್ಪ ಮೊಂಡಾಗುತ್ತದೆ, ನಾನು ಕಂಡಿದ್ದೇನೆ. ಇದರಲ್ಲೂ ಒಂದು ಎಚ್ಚರ ಬೇಕು: ಮೂಲ ಪುಸ್ತಕ ಶುದ್ಧ, ಹೊಸದು ಕೊಳಕು ಅಂದುಕೊಂಡು ಹೋಗಬೇಡಿ. ದ್ವೀಪದ ಮೂಲನಿವಾಸಿಗಳಿಗೆ ಬ್ಯಾರಿ ಇಟ್ಟ ಹೆಸರು ಕಪ್ಪು ಮಕ್ಕಳನ್ನು ಹೀಯಾಳಿಸುವ ಬೈಗುಳ. ಅವರನ್ನು ಚಿತ್ರಿಸಿದ ರೀತಿ ಈಗ ಓದಿದರೆ ಮುಜುಗರವಾಗುತ್ತದೆ. ಹೊಸ ಪುನರ್ಕಥನಗಳಲ್ಲಿ ಕೆಲವು ಆ ಮೂಲನಿವಾಸಿಗಳ ನಾಯಕನ ಮಗಳು ಟೈಗರ್ ಲಿಲಿಗೆ ಬಾಯಿ ಕೊಟ್ಟು ಆ ತಪ್ಪನ್ನು ತಿದ್ದಿವೆ. ಕೆಲವು ಮಾತ್ರ ರಕ್ತ ಚೆಲ್ಲಿ ಅದನ್ನೇ ಧೈರ್ಯ ಅಂದುಕೊಂಡಿವೆ. ಮಗಳು ಓದುತ್ತಿರುವುದು ಇದರಲ್ಲಿ ಯಾವುದು ಅಂತ ತಿಳಿಯಲು ಒಂದು ಪ್ರಶ್ನೆ ಸಾಕು: ಒಬ್ಬ ಹುಡುಗ ಸತ್ತಾಗ ಆ ಪುಸ್ತಕದಲ್ಲಿ ಯಾರಿಗಾದರೂ ನೋವಾಗುತ್ತದೆಯೇ? ಅವಳನ್ನೇ ಕೇಳಿ.

ನಿದ್ದೆಯ ಮಾತು. ಕಥೆಯಿಂದ ಬಂದ ಹೆದರಿಕೆ ಸಾಮಾನ್ಯವಾಗಿ ಪುಸ್ತಕ ಮುಗಿದ ಕೆಲವು ದಿನಕ್ಕೆ ಇಳಿದುಹೋಗುವುದನ್ನೇ ನಾನು ನೋಡಿರುವುದು. ಎರಡು ಮೂರು ವಾರವಾದರೂ ಇಳಿಯದಿದ್ದರೆ, ಊಟ ಸೇರದಿದ್ದರೆ, ಶಾಲೆಗೆ ಹೋಗಲು ಹಿಂಜರಿದರೆ, ಭಯ ಕಿಟಕಿಯದಲ್ಲ ಬೇರೆ ಯಾವುದರದೋ ಇರಬಹುದು, ಆಪ್ತಸಮಾಲೋಚಕರನ್ನು ನೋಡಿ. ಸತ್ತುಹೋಗುವ ಮಾತು, ತನಗೆ ತಾನೇ ನೋವು ಮಾಡಿಕೊಳ್ಳುವ ಮಾತು ಬಂದರೆ ಒಂದು ದಿನವೂ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಅಂದಹಾಗೆ, ಈ ಕಥೆಯ ಬಗ್ಗೆ ದೂರು ಹೇಳಿದ ಮೊದಲ ತಾಯಿ ನೀವಲ್ಲ. ನಾಟಕ ನೋಡಿ ಮನೆಗೆ ಹೋದ ಮಕ್ಕಳು ಮಂಚದಿಂದ ಹಾರಲು ಹೋಗಿ ಪೆಟ್ಟು ಮಾಡಿಕೊಂಡು ಆಸ್ಪತ್ರೆ ಸೇರಿದರಂತೆ. ತಂದೆತಾಯಂದಿರು ಬ್ಯಾರಿಗೆ ಗಂಟುಬಿದ್ದರು. ಮೈಮೇಲೆ ಕಿನ್ನರಿಯ ಧೂಳಿ ಬೀಳದೆ ಯಾರೂ ಹಾರಲಾರರು ಅನ್ನುವ ಮಾತನ್ನು ಆಮೇಲೆ ಸೇರಿಸಬೇಕಾಯಿತು ಅಂತ ಬ್ಯಾರಿಯೇ ನಾಟಕದ ಅರ್ಪಣೆಯ ಮಾತಿನಲ್ಲಿ ಬರೆದಿದ್ದಾರೆ. ಅಷ್ಟು ಚೆಂದದ ಹೊಳೆಯುವ ಧೂಳಿ ಹುಟ್ಟಿದ್ದು ಪಾಲಕರ ತಕರಾರಿನಿಂದ!

ಕೇಸಿನ ವಿಷಯ ಸುಲಭ. ಬ್ಯಾರಿ ತೀರಿಕೊಂಡದ್ದು 1937ರಲ್ಲಿ. ನಮ್ಮಲ್ಲಿ ಹಕ್ಕುಸ್ವಾಮ್ಯ ಲೇಖಕರ ಕಾಲಾನಂತರ 60 ವರ್ಷ, ಅದು ಮುಗಿದು ಯಾವುದೋ ಕಾಲವಾಯಿತು. ಬ್ರಿಟನ್ನಿನಲ್ಲಿ ಮಾತ್ರ ಒಂದು ವಿಶೇಷವಿದೆ: 1929ರಲ್ಲಿ ಬ್ಯಾರಿ ಈ ಕೃತಿಯ ಹಕ್ಕನ್ನು ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆಗೆ ಬರೆದುಕೊಟ್ಟರು. 1988ರ ಕಾಯ್ದೆ ಅಲ್ಲಿನ ರಾಯಧನವನ್ನು ಆಸ್ಪತ್ರೆಗೆ ಶಾಶ್ವತ ಮಾಡಿತು. ದಾವಣಗೆರೆಯ ಹುಡುಗಿಯ ನೋಟ್‌ಬುಕ್ಕಿಗೆ ಅದರಿಂದ ತೊಂದರೆಯಿಲ್ಲ. ಅವಳು ಮುಟ್ಟಬಾರದ್ದು ಎರಡು. ಕಾರ್ಟೂನಿನಲ್ಲಿ ಮಾತ್ರ ಇರುವ ರೂಪ, ಹಾಡು. ಹಸಿರು ಗೌನಿನ ಟಿಂಕರ್ ಬೆಲ್ ಕಾರ್ಟೂನಿನವಳು, ನಾಟಕದಲ್ಲಿ ಅವಳು ರಂಗದ ಮೇಲೆ ಓಡಾಡುವ ಬೆಳಕಿನ ಚುಕ್ಕಿಯಷ್ಟೆ. ಹಾಗೆಯೇ ಈಗ ಓದುತ್ತಿರುವ ಕಾದಂಬರಿಯ ಲೇಖಕರು ಹೊಸದಾಗಿ ಹುಟ್ಟಿಸಿದ ಪಾತ್ರ, ಘಟನೆ. ಆನ್‌ಲೈನ್ ಹಾಕುವುದರಲ್ಲಿ ನನ್ನ ಭಯ ಕಾನೂನಿನದಲ್ಲ, ಮೆಸೇಜ್ ಮಾಡುವ ಅಪರಿಚಿತರದು. ಸ್ವಂತ ಹೆಸರು, ಶಾಲೆ, ಊರು, ಫೋಟೋ ಯಾವುದೂ ಬೇಡ, ಮೆಸೇಜ್ ಪೆಟ್ಟಿಗೆ ಮುಚ್ಚಿರಲಿ, ಪಾಸ್‌ವರ್ಡ್ ನಿಮಗೂ ಗೊತ್ತಿರಲಿ. ಅಥವಾ ಸದ್ಯಕ್ಕೆ ನಾಲ್ಕು ಜನ ಗೆಳತಿಯರೇ ಓದಲಿ.

ಮಗಳ ಪ್ರಶ್ನೆಯನ್ನು ಕೊನೆಗೆ ಉಳಿಸಿಕೊಂಡೆ, ಏಕೆಂದರೆ ಇಡೀ ಪತ್ರದಲ್ಲಿ ಅತ್ಯಂತ ಜಾಣ ಪ್ರಶ್ನೆ ಅದೇ. ಕೈ ಹೋದ ಮೇಲೆ ಕೊಕ್ಕೆ ಬಂದದ್ದಾದರೆ, ಅದಕ್ಕೂ ಮುಂಚೆ ಅವನನ್ನು ಯಾರಾದರೂ ಹುಕ್ ಅಂತ ಏಕೆ ಕರೆಯುತ್ತಾರೆ? ಬ್ಯಾರಿಗೂ ಇದು ಗೊತ್ತಿತ್ತು ಪುಟ್ಟಿ. ಹುಕ್ ಅವನ ನಿಜವಾದ ಹೆಸರಲ್ಲ, ಅವನು ಯಾರು ಅಂತ ಈಗಲೂ ಬಾಯಿಬಿಟ್ಟರೆ ದೇಶಕ್ಕೇ ಬೆಂಕಿ ಬೀಳುತ್ತದೆ, ಅಂತ ಬರೆದು ಹೆಸರು ಹೇಳದೆ ಹೋಗಿಬಿಟ್ಟರು. ನೂರಕ್ಕೂ ಹೆಚ್ಚು ವರ್ಷದಿಂದ ಆ ಜಾಗ ಖಾಲಿ ಇದೆ. ನಿನ್ನ ಕಥೆಯಲ್ಲಿ ಅವನಿಗೆ ಏನು ಹೆಸರಿಟ್ಟೆ ಅಂತ ಅಮ್ಮನ ಕೈಲಿ ಬರೆಸಿ ಕಳಿಸು.